ಹಾಳೆ ಕೊಟ್ಟೆವು, ಹಗ್ಗ ಕೊಡಲಿಲ್ಲ

2019ರ ಆಗಸ್ಟ್ ತಿಂಗಳ ಮೂರನೆಯ ವಾರ. ಉಕ್ಕಿ ಹರಿದ ಮಲಪ್ರಭೆ ಆಗಷ್ಟೇ ತನ್ನ ಪಾತ್ರಕ್ಕೆ ಮರಳುತ್ತಿದ್ದ ಹೊತ್ತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ಹೊಳೆಯ ನೀರು ನುಗ್ಗಿದ ಚಿತ್ರಗಳನ್ನು ಓದುಗರು ಮರೆತಿರಲಾರರು. ಅದೇ ನದಿಯ ದಂಡೆಯ ಒಂದು ಹಳ್ಳಿಗೆ ನಾವು ಆರು ಮಂದಿ ಬೆಂಗಳೂರಿನಿಂದ ಒಂದು ಲಾರಿ ತುಂಬ ಪರಿಹಾರ ಸಾಮಗ್ರಿ ತೆಗೆದುಕೊಂಡು ಹೋಗಿದ್ದೆವು. ಅಕ್ಕಿ, ಬೇಳೆ, ಎಣ್ಣೆ, ಹೊದಿಕೆ, ಸೋಪು, ಮಕ್ಕಳಿಗೆಂದು ಬಿಸ್ಕತ್ತು. ಇವುಗಳ ಜೊತೆಗೆ, ನಮ್ಮ ಪಟ್ಟಿಯಲ್ಲೇ ಅತ್ಯಂತ ಮಹತ್ವದ್ದೆಂದು ನಾವು ಭಾವಿಸಿದ್ದ 140 ಟಾರ್ಪಾಲಿನ್ ಹಾಳೆಗಳು. ಊರಿಗೆ ಊರೇ ಎತ್ತರದ ದಿಬ್ಬವೊಂದಕ್ಕೆ ಬಂದು ಕುಳಿತಿತ್ತು. ಹೆಸರು ಕೂಗಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಮನೆಗೊಂದರಂತೆ ಹಂಚುವ ಕೆಲಸ ಎರಡು ಗಂಟೆಗಳಲ್ಲಿ ಮುಗಿಯಿತು. ಕೆಲವು ಛಾಯಾಚಿತ್ರಗಳೂ ಆದವು.

ಸಂಜೆ ಐದರ ಸುಮಾರಿಗೆ ಮಳೆ ಬಂತು. ದೊಡ್ಡ ಮಳೆಯೇನಲ್ಲ, ಆದರೆ ಗಾಳಿಯಿತ್ತು. ಶಾಲೆಯ ಜಗಲಿಯಲ್ಲಿ ನಿಂತು ನೋಡುತ್ತಿದ್ದ ನಮಗೆ ನಮ್ಮ 140 ಹಾಳೆಗಳ ಗತಿ ಕಣ್ಣಿಗೆ ಬಿತ್ತು. ಕೆಲವು ಜೋಳದ ಚೀಲಗಳನ್ನು ಸುತ್ತಿಕೊಂಡಿದ್ದವು. ಕೆಲವನ್ನು ಹಾಸಿಕೊಂಡು ಜನ ಅದರ ಮೇಲೆಯೇ ತೊಯ್ಯುತ್ತ ಕುಳಿತಿದ್ದರು. ಒಂದು ಕುಟುಂಬದ ನಾಲ್ವರು ಹಾಳೆಯ ನಾಲ್ಕು ಮೂಲೆಗಳನ್ನು ಕೈಯಲ್ಲಿ ಹಿಡಿದು, ತಲೆಯ ಮೇಲೆತ್ತಿ ನಿಂತಿದ್ದರು. ನಡುವೆ ನೀರು ತುಂಬಿ ಹಾಳೆ ಜೋಲುತ್ತಿತ್ತು. ಸೂರು ಎಂದು ಕರೆಯಬಹುದಾದಂಥದ್ದು ಇಡೀ ದಿಬ್ಬದಲ್ಲಿ ಎಣಿಸಿ ಐದೋ ಆರೋ ಇದ್ದವು. ಮಳೆ ನಿಂತ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದು, ಕಿಂಚಿತ್ತೂ ಕೊಂಕಿಲ್ಲದ ದನಿಯಲ್ಲಿ ಕೇಳಿದರು: ‘ತಾಡಪತ್ರಿ ಕೊಟ್ರಿ, ಛಲೋ ಆತು. ಇದನ್ನ ಎದರ್‍ಲೆ ಕಟ್ಟೋಣ್ರೀ?’

ನಮ್ಮಲ್ಲಿ ಉತ್ತರವಿರಲಿಲ್ಲ. ಲಾರಿಯಲ್ಲಿ ಒಂದು ಗೇಣು ಹಗ್ಗವೂ ಇರಲಿಲ್ಲ. ಸಾಮಗ್ರಿಗಳ ಮೇಲೆ ಬಿಗಿದಿದ್ದ ಲಾರಿಯ ಹಗ್ಗವನ್ನೇ ಬಿಚ್ಚಿಕೊಡಿ ಎಂದು ಚಾಲಕನನ್ನು ಕೇಳಿದೆವು. ಆತ ಕೊಟ್ಟ, ಅದು ಮೂರು ಮನೆಗಳಿಗಾಯಿತು.

ಮೂವತ್ತು ವರ್ಷ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭಾರ, ಬಲ, ಬಾಗು ಇವುಗಳ ಲೆಕ್ಕ ಕಲಿಸಿದವನು ನಾನು. ಚಾವಣಿಯೆಂದರೆ ಮೇಲೆ ಹೊದಿಸುವ ವಸ್ತುವಲ್ಲ, ಆ ವಸ್ತುವಿನ ಮೇಲೆ ಬೀಳುವ ಭಾರವನ್ನು ನೆಲಕ್ಕೆ ದಾಟಿಸುವ ವ್ಯವಸ್ಥೆ ಎಂದು ಪ್ರತಿವರ್ಷವೂ ಮೊದಲ ತರಗತಿಯಲ್ಲಿ ಹೇಳುತ್ತಿದ್ದವನು. ಆದರೂ ಪಟ್ಟಿ ಬರೆಯಲು ಕುಳಿತಾಗ ‘ಟಾರ್ಪಾಲಿನ್ — 140’ ಎಂದು ಬರೆದು ಕೆಳಗೆ ಗೆರೆ ಎಳೆದುಬಿಟ್ಟೆ. ಆ ತಪ್ಪು ನನ್ನೊಬ್ಬನದು ಮಾತ್ರವಾಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅಂದಿನಿಂದ ಇಂದಿನವರೆಗೆ ನೆರೆ ಬಂದಾಗಲೆಲ್ಲ ಪರಿಹಾರ ಸಾಮಗ್ರಿಗಳ ಪಟ್ಟಿಗಳನ್ನು ಕುತೂಹಲದಿಂದ ಗಮನಿಸುತ್ತ ಬಂದಿದ್ದೇನೆ. ನನ್ನ ಕಣ್ಣಿಗೆ ಬಿದ್ದ ಬಹುತೇಕ ಪಟ್ಟಿಗಳಲ್ಲಿ ಹಾಳೆ ಇದೆ, ಹಗ್ಗವಿಲ್ಲ. ಹಗ್ಗವಿದ್ದಲ್ಲಿ ಗಳುವಿಲ್ಲ. ಇವೆರಡೂ ಇದ್ದಲ್ಲಿ, ಅವುಗಳಿಂದ ಏನು ಮಾಡಬೇಕೆಂದು ಬಲ್ಲವರನ್ನು ಯಾರೂ ಕೇಳಿಲ್ಲ.

ಮಳೆಯ ಭಾರವನ್ನು ನಾವು ಎಷ್ಟು ಹಗುರವಾಗಿ ಕಾಣುತ್ತೇವೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು ಒಂದು ಲೀಟರ್, ಅಂದರೆ ಒಂದು ಕಿಲೋ. ನಾವು ಹಂಚಿದ ಹಾಳೆಗಳು 4 ಮೀಟರ್ ಅಗಲ, 5 ಮೀಟರ್ ಉದ್ದದವು. ವಿಸ್ತೀರ್ಣ 20 ಚದರ ಮೀಟರ್. ಒಂದು ರಾತ್ರಿ 50 ಮಿಲಿಮೀಟರ್ ಮಳೆಯಾದರೆ, ಅದು ಮಲೆನಾಡಿನಲ್ಲಿ ಸುದ್ದಿಯೇ ಅಲ್ಲ, ಆ ಹಾಳೆಯ ಮೇಲೆ ಬೀಳುವ ನೀರು 1,000 ಲೀಟರ್. ಒಂದು ಟನ್. ಹಾಳೆಗೆ ಇಳಿಜಾರಿದ್ದರೆ ಈ ಟನ್ ನೀರು ಯಾರಿಗೂ ತಿಳಿಯದಂತೆ ಜಾರಿ ಹೋಗುತ್ತದೆ. ಇಳಿಜಾರಿಲ್ಲದೆ ನಡುವೆ ಒಂದು ಹಿಡಿಯಷ್ಟು ತಗ್ಗು ಉಳಿದರೂ ನೀರು ಅಲ್ಲಿಗೇ ಬರುತ್ತದೆ. ಬಂದ ನೀರಿನ ಭಾರಕ್ಕೆ ತಗ್ಗು ಮತ್ತಷ್ಟು ಆಳವಾಗುತ್ತದೆ. ಆಳವಾದಷ್ಟೂ ಇನ್ನಷ್ಟು ನೀರು ಬರುತ್ತದೆ. ಕೊನೆಗೆ ಮೂಲೆಯ ಲೋಹದ ಉಂಗುರ ಹಾಳೆಯಿಂದ ಕಿತ್ತು ಬರುತ್ತದೆ, ಇಲ್ಲವೇ ಗಳು ಮಗುಚುತ್ತದೆ. ಈ ಅನಾಹುತ ಸಂಭವಿಸುವುದು ಸಾಮಾನ್ಯವಾಗಿ ನಡುರಾತ್ರಿಯ ನಂತರ, ಎಲ್ಲರೂ ಮಲಗಿರುವಾಗ.

ಇದನ್ನು ಪುಸ್ತಕದಿಂದ ತಿಳಿದದ್ದಲ್ಲ. ತಾರುಣ್ಯದ ದಿನಗಳಲ್ಲಿ, ಜೂನ್ ತಿಂಗಳ ಮೊದಲ ವಾರ, ಚಾರಣಕ್ಕೆಂದು ಹೊರಟ ನಾವು ನಾಲ್ವರು ಸುಬ್ರಹ್ಮಣ್ಯದ ಆಸುಪಾಸಿನ ಅಡಿಕೆ ತೋಟವೊಂದರ ಅಂಚಿನಲ್ಲಿ ತಂಗಿದ್ದೆವು. ತೋಟದ ಯಜಮಾನರು ಜಗಲಿಯಲ್ಲಿ ಮಲಗಿ ಎಂದರು. ಹೊಸ ಹಾಳೆ, ಹೊಸ ನೈಲಾನ್ ಹಗ್ಗ ಕೊಂಡಿದ್ದ ಉತ್ಸಾಹದಲ್ಲಿ ನಾವು ಒಪ್ಪಲಿಲ್ಲ. ನಾಲ್ಕು ಅಡಿಕೆ ಮರಗಳಿಗೆ ನಾಲ್ಕು ಮೂಲೆಗಳನ್ನು ಸಮಾನ ಎತ್ತರದಲ್ಲಿ ಕಟ್ಟಿ, ಮದುವೆಯ ಚಪ್ಪರದಂತೆ ಚಪ್ಪಟೆಯಾಗಿ ಹರಡಿ, ಅದರ ಅಂದಕ್ಕೆ ನಾವೇ ಮೆಚ್ಚಿಕೊಂಡೆವು. ರಾತ್ರಿ ಹನ್ನೊಂದಕ್ಕೆ ಮಳೆ ಹಿಡಿಯಿತು. ಹನ್ನೆರಡರ ಹೊತ್ತಿಗೆ ಬಿಗಿಯಾಗಿ ಕಟ್ಟಿದ್ದ ಹಗ್ಗಗಳು ಏಕೋ ಸಡಿಲಗೊಂಡಿದ್ದವು. ಎರಡು ಗಂಟೆಗೆ, ಮುಖದಿಂದ ಒಂದು ಮೊಳ ಮೇಲೆ, ತುಂಬುಬಸುರಿಯ ಹೊಟ್ಟೆಯಂತೆ ಉಬ್ಬಿ ನಿಂತ ಹಾಳೆಯನ್ನು ನಾನು ಟಾರ್ಚ್ ಬೆಳಕಿನಲ್ಲಿ ಕಂಡೆ. ಕೈಯಿಂದ ಮೇಲೆತ್ತಿದರೆ ನೀರು ಅಂಚಿನಿಂದ ಚೆಲ್ಲಿಹೋದೀತೆಂದು ಎತ್ತಿದೆ. ಅದು ನನ್ನ ಗೆಳೆಯನ ಮೇಲೆಯೇ ಚೆಲ್ಲಿತು.

ಬೆಳಿಗ್ಗೆ ತೋಟದ ಆಳೊಬ್ಬರು ಬಂದು, ನಗದೆ, ಹತ್ತು ನಿಮಿಷಗಳಲ್ಲಿ ಅದೇ ಹಾಳೆಯನ್ನು ಅದೇ ಮರಗಳಿಗೆ ಮರಳಿ ಕಟ್ಟಿದರು. ಮೊದಲು ಎರಡು ಮರಗಳ ನಡುವೆ ಎದೆಯೆತ್ತರದಲ್ಲಿ ಒಂದೇ ಹಗ್ಗವನ್ನು ತಂತಿಯಂತೆ ಬಿಗಿದರು; ಹಾಳೆಯನ್ನು ಅದರ ಮೇಲೆ ಮಡಚಿ ಇಳಿಬಿಟ್ಟರು. ಗಾಳಿ ಬರುವ ಪಡುವಣ ದಿಕ್ಕಿನ ಅಂಚನ್ನು ಬಹುತೇಕ ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಿದರು. ಎದುರಿನ ಅಂಚನ್ನು ಕೊಂಚ ಎತ್ತರಿಸಿದರು. ಒಂದು ಮೂಲೆಯ ಉಂಗುರ ಕಿತ್ತುಹೋಗಿತ್ತಲ್ಲ, ಅಲ್ಲಿ ನಿಂಬೆಗಾತ್ರದ ಒಂದು ಹರಳುಕಲ್ಲನ್ನು ಹಾಳೆಯ ಒಳಗಿಟ್ಟು, ಹೊರಗಿನಿಂದ ಅದರ ಕೊರಳಿಗೆ ಹಗ್ಗ ಬಿಗಿದರು. ಆ ಗಂಟು ಉಂಗುರಕ್ಕಿಂತ ಗಟ್ಟಿ ಎಂಬುದನ್ನು ನಂತರ ಎಳೆದು ನೋಡಿ ತಿಳಿದೆ. ಕೊನೆಗೆ ನನಗೆ ಅರ್ಥವಾಗದ ಒಂದು ಕೆಲಸ ಮಾಡಿದರು. ಮರದಿಂದ ಹಾಳೆಯ ಕಡೆಗೆ ಬರುವ ಹಗ್ಗಕ್ಕೆ, ಹಾಳೆಗಿಂತ ಒಂದು ಗೇಣು ಮೊದಲು, ಬಾಳೆಯ ನಾರಿನ ಒಂದು ತುಂಡನ್ನು ಕಟ್ಟಿ ಜೋತುಬಿಟ್ಟರು. ಮರದ ಕಾಂಡದಿಂದ ಇಳಿದ ನೀರು ಹಗ್ಗವನ್ನು ಹಿಡಿದುಕೊಂಡು ನೇರವಾಗಿ ಸೂರಿನೊಳಕ್ಕೆ ಬರುತ್ತದೆ. ಈ ನಾರು ಸಿಕ್ಕಿದರೆ ಅದನ್ನು ಅನುಸರಿಸಿ ಅಲ್ಲೇ ನೆಲಕ್ಕಿಳಿಯುತ್ತದೆ. ನೀರಿನ ಸ್ವಭಾವವನ್ನು ಇಷ್ಟು ಚೆನ್ನಾಗಿ ಬಲ್ಲ ಅಧ್ಯಾಪಕರು ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ.

ಮಳೆಯನ್ನು ತಡೆಯುವುದಲ್ಲ, ಅದಕ್ಕೆ ದಾರಿ ತೋರಿಸುವುದು ಎಂಬ ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಬಾಗಿ ನಾಟಿ ಮಾಡುವ ಮಲೆನಾಡಿನ ಹೆಣ್ಣುಮಕ್ಕಳ ಬೆನ್ನ ಮೇಲೆ ಕೂರುತ್ತಿದ್ದ ಗೊರಬನ್ನು ನೆನೆಯಿರಿ. ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ ಅದು ಬೆನ್ನಿನ ಬಾಗಿಗೆ ಹೇಳಿಮಾಡಿಸಿದ ಇಳಿಜಾರು. ಎರಡು ಕೈಗಳೂ ಕೆಲಸಕ್ಕೆ ಬಿಡುವು. ಬಯಲುಸೀಮೆಯ ರೈತ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಹಾಕಿಕೊಳ್ಳುತ್ತಿದ್ದ ಕೊಪ್ಪೆಯೂ ಅದೇ ಜಾತಿಯದು. ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಮಳೆಗಾಲಕ್ಕೆ ಮುನ್ನ ಮನೆಯ ಪಡುವಣ ಮಗ್ಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ರೂಢಿ ನಾನು ಬಾಲ್ಯದಲ್ಲಿ ಕಂಡದ್ದು. ‘ಇರಚಲು’ ಎಂಬ ಈ ಒಂದು ಪದವನ್ನೇ ನೋಡಿ: ಗಾಳಿಗೆ ಓರೆಯಾಗಿ ಬಂದು ಸೂರಿನ ಕೆಳಗೂ ನುಗ್ಗುವ ಮಳೆಗೆ ಪ್ರತ್ಯೇಕ ಹೆಸರಿಟ್ಟುಕೊಂಡ ಜನ ನಾವು. ಟಾರ್ಪಾಲಿನ್ ಎಂಬುದು ಮಾತ್ರ ಹಡಗಿನಿಂದ ಇಳಿದು ಬಂದ ಹೆಸರು. ಕ್ಯಾನ್ವಾಸಿಗೆ ಟಾರು ಬಳಿದು ಸರಕಿನ ಮೇಲೆ ಹೊದಿಸುತ್ತಿದ್ದ ಇಂಗ್ಲಿಷ್ ನಾವಿಕರಿಗೇ ಆ ಹೆಸರು ಅಂಟಿಕೊಂಡಿದ್ದ ಕಾಲವೊಂದಿತ್ತು. ಈಗ ಅದರಲ್ಲಿ ಟಾರೂ ಇಲ್ಲ, ಕ್ಯಾನ್ವಾಸೂ ಇಲ್ಲ. ಪಾಲಿಥೀನ್ ಪಟ್ಟಿಗಳನ್ನು ನೇಯ್ದು, ಎರಡೂ ಬದಿಗೆ ಪಾಲಿಥೀನನ್ನೇ ಲೇಪಿಸಿದ ಬಟ್ಟೆ ಅದು. ಗೊರಬು ಕಟ್ಟಲು ಎರಡು ದಿನ ಬೇಕಾಗುತ್ತಿತ್ತು, ಹಾಳೆ ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಸಿಗುತ್ತದೆ. ಇದರಿಂದ ಲಾಭವೇ ಆಗಿದೆ, ಅಲ್ಲಗಳೆಯುವುದು ಸಲ್ಲದು. ಆದರೆ ಗೊರಬಿನಲ್ಲಿ ಇಳಿಜಾರು ಹೆಣಿಗೆಯೊಳಗೇ ಇತ್ತು. ಹಾಳೆಯಲ್ಲಿ ಅದನ್ನು ಕಟ್ಟುವವರು ತರಬೇಕು.

ಮಲಪ್ರಭೆಯ ದಂಡೆಯ ಆ ದಿಬ್ಬಕ್ಕೆ ಮರಳುತ್ತೇನೆ. ಒಣಗಿದ್ದ ಐದಾರು ಸೂರುಗಳಲ್ಲಿ ಒಂದನ್ನು ಕಟ್ಟಿದವರು ಐವತ್ತರ ಆಸುಪಾಸಿನ ಹೆಂಗಸು. ಕಬ್ಬಿನ ಕಟಾವಿನ ತಂಡದೊಂದಿಗೆ ವರ್ಷವರ್ಷವೂ ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೋಗಿಬಂದವರು. ಗದ್ದೆಯಂಚಿನ ಜೋಪಡಿಗಳಲ್ಲಿ ತಿಂಗಳುಗಟ್ಟಲೆ ಬಾಳಿದವರು. ಎರಡು ಮಕ್ಕಳನ್ನು ಹಡೆದದ್ದೂ ಅಂಥ ಜೋಪಡಿಯಲ್ಲೇ ಎಂದು, ಹವಾಮಾನದ ಮಾತಾಡುವಷ್ಟೇ ಸಹಜವಾಗಿ ಹೇಳಿದರು. ನಾವು ಕೊಟ್ಟ ಹಾಳೆ ಸಿಕ್ಕಿದ ಒಂದು ಗಂಟೆಯೊಳಗೆ ಅವರ ಸೂರು ಎದ್ದಿತ್ತು. ನೆತ್ತಿಯ ಗಳುವಾಗಿ ಅವರು ಬಳಸಿದ್ದು ನೆರೆಯಲ್ಲಿ ಕುಸಿದ ತಮ್ಮದೇ ಮಣ್ಣಿನ ಮನೆಯ ಜಂತಿಯನ್ನು. ಹಗ್ಗ ಎತ್ತಿನ ಕೊರಳಿನದು. ನೆನೆದು ದನಕ್ಕೂ ಬೇಡವಾದ ಜೋಳದ ಕಣಿಕೆಯನ್ನು ಸಿವುಡು ಕಟ್ಟಿ ಎರಡು ಮಗ್ಗುಲಿಗೆ ಸೊಂಟದೆತ್ತರದ ಗೋಡೆಯಂತೆ ಒಟ್ಟಿದ್ದರು. ಹಾಳೆ ಅದರ ಮೇಲಿನಿಂದ ಆಚೆಗೆ ಒಂದು ಮೊಳ ಇಳಿಬಿದ್ದಿತ್ತು.

ಎಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಗೂಟಗಳ ವಿಷಯ. ಅದು ಎರೆಮಣ್ಣಿನ ಸೀಮೆ. ಒಣಗಿದಾಗ ಕಲ್ಲಿನಂತೆ ಬಿರಿಯುವ ಆ ಮಣ್ಣು ತೊಯ್ದಾಗ ಉಬ್ಬಿ ಹಿಟ್ಟಿನ ಮುದ್ದೆಯಂತಾಗುತ್ತದೆ. ನೆಟ್ಟ ಗೂಟ ಎರಡು ಎಳೆತಕ್ಕೆ ಬೆಣ್ಣೆಯಿಂದ ಕೂದಲೆಳೆದಂತೆ ಹೊರಬರುತ್ತದೆ. ಆ ಸಂಜೆ ಬಿದ್ದ ಸೂರುಗಳಲ್ಲಿ ಹೆಚ್ಚಿನವು ಬಿದ್ದದ್ದು ಇದೇ ಕಾರಣಕ್ಕೆ. ಈಕೆ ಗೂಟವನ್ನೇ ನೆಟ್ಟಿರಲಿಲ್ಲ. ಖಾಲಿ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಳಕಾಲುದ್ದದ ಗುಂಡಿಗಳಲ್ಲಿ ಹೂತು ಮೇಲೆ ತುಳಿದಿದ್ದರು. ಈ ಬಗೆಯ ಹೂತ ಲಂಗರು ನಮ್ಮ ಪಠ್ಯಪುಸ್ತಕಗಳಲ್ಲೂ ಇದೆ. ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆಯಾಗಿ ನಾನೇ ಕೇಳಿದ್ದೂ ಉಂಟು. ಎಲ್ಲಿ ಕಲಿತಿರಿ ಎಂದು ಕೇಳಿದೆ. ಕಲಿಯುವುದೇನು, ಬಿದ್ದಾಗ ಎತ್ತಿ ಕಟ್ಟುತ್ತ ಕಟ್ಟುತ್ತ ಬಂದದ್ದು ಎಂಬ ಅರ್ಥದ ಮಾತು ಹೇಳಿ, ಒಲೆಯ ಕಡೆ ತಿರುಗಿದರು.

ಆ ದಿಬ್ಬದ ಮೇಲಿದ್ದ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ವ್ಯಕ್ತಿಗೆ ನಾವು ಮಾಡಿದ್ದೇನು? ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಹಾಳೆ ಕೊಟ್ಟೆವು. ಪಟ್ಟಿಯಲ್ಲಿ ಆಕೆ ಫಲಾನುಭವಿ. ಆ ಸಂಜೆಯೇ ಆಕೆಗೆ ಒಂದು ದಿನದ ಕೂಲಿ ಕೊಟ್ಟು, ಹತ್ತು ಮಂದಿ ಯುವಕರನ್ನು ಜೊತೆಗೆ ಬಿಟ್ಟಿದ್ದರೆ, ಕತ್ತಲಾಗುವ ಮುನ್ನ ಐವತ್ತು ಸೂರುಗಳಾದರೂ ಎದ್ದು ನಿಲ್ಲುತ್ತಿದ್ದವು. ನಮಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಮರುದಿನ, ಹಿಂದಿರುಗುವ ಹಾದಿಯಲ್ಲಿ, ನರಗುಂದ ದಾಟಿದ ಮೇಲೆ.

ಹಾಳೆಯೊಂದೇ ಮನೆಯಾಗದು ಎಂಬುದನ್ನು ಪರಿಹಾರ ಕಾರ್ಯದಲ್ಲಿ ನುರಿತವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. 2007ರಲ್ಲಿ ಆಕ್ಸ್‌ಫ್ಯಾಮ್ ಹಾಗೂ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟಗಳು ಸೇರಿ, ಪ್ಲಾಸ್ಟಿಕ್ ಹಾಳೆಯ ಗುಣಮಟ್ಟ ಮತ್ತು ಬಳಕೆಯ ಕುರಿತೇ ಒಂದು ಪ್ರತ್ಯೇಕ ಕೈಪಿಡಿ ಹೊರತಂದವು. ರೆಡ್‌ಕ್ರಾಸ್ ಒಕ್ಕೂಟದ ಸೂರು ಕಟ್ಟುವ ಕಟ್ಟಿನಲ್ಲಿ 4 ಮೀಟರ್‌ಗೆ 6 ಮೀಟರ್ ಅಳತೆಯ ಎರಡು ಹಾಳೆಗಳಿರುತ್ತವೆ. ಅವುಗಳೊಂದಿಗೆ ಹಗ್ಗ, ಮೊಳೆ, ತಂತಿ, ಗರಗಸ, ಸುತ್ತಿಗೆ, ಗುದ್ದಲಿಗಳೂ ಇರುತ್ತವೆ. ಎರಡು ಹಾಳೆಗಳೇಕೆ ಎಂಬುದು ಲೆಕ್ಕ ಮಾಡಿದರೆ ತಿಳಿಯುತ್ತದೆ. ವಿಪತ್ತು ಪರಿಹಾರಕ್ಕೆ ಜಗತ್ತಿನಾದ್ಯಂತ ಮಾನದಂಡವೆಂದು ಒಪ್ಪಿತವಾಗಿರುವ ಸ್ಫಿಯರ್ ಕೈಪಿಡಿಯ ಪ್ರಕಾರ, ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು, ತಲಾ ಕನಿಷ್ಠ 3.5 ಚದರ ಮೀಟರ್ ನೆಲ ಬೇಕು. ಅತಿ ಎತ್ತರದ ಭಾಗದಲ್ಲಿ ಚಾವಣಿ ಕನಿಷ್ಠ 2 ಮೀಟರ್ ಇರಬೇಕು. ಐವರ ಕುಟುಂಬಕ್ಕೆ 17.5 ಚದರ ಮೀಟರ್. ನಾವು ಕೊಟ್ಟ ಹಾಳೆಯನ್ನು ನಡುವೆ ಮಡಚಿ, ಅಂಚು ನೆಲ ಮುಟ್ಟುವಂತೆ 45 ಡಿಗ್ರಿ ಇಳಿಜಾರಿನಲ್ಲಿ ಕಟ್ಟಿದರೆ ಕೆಳಗೆ ಸಿಗುವ ನೆಲ ಸುಮಾರು 14 ಚದರ ಮೀಟರ್. ನೆತ್ತಿಯ ಎತ್ತರ 1.4 ಮೀಟರ್. ಇಳಿಜಾರನ್ನು 30 ಡಿಗ್ರಿಗೆ ಇಳಿಸಿದರೆ ನೆಲ 17 ಚದರ ಮೀಟರ್ ದಾಟುತ್ತದೆ, ಎತ್ತರ ಒಂದು ಮೀಟರ್‌ಗೆ ಕುಸಿಯುತ್ತದೆ. ನಡುಗೆರೆಯನ್ನು ಬಿಟ್ಟರೆ ಬೇರೆಲ್ಲೂ ನೆಟ್ಟಗೆ ಕೂರಲಾಗದು. ಎರಡೂ ತುದಿಗಳು ತೆರೆದೇ ಇರುತ್ತವೆ. ಒಂದು ಹಾಳೆಯಿಂದ ಒಂದು ಕುಟುಂಬ ಒಣಗಿ ನಿಲ್ಲಬೇಕಾದರೆ ಕಣಿಕೆಯ ಗೋಡೆಯಂಥ ಇನ್ನೊಂದು ಬುದ್ಧಿ ಬೇಕೇ ಬೇಕು.

ಇದೆಲ್ಲ ಎರಡು ದಿನಗಳ ಮಾತಲ್ಲವೇ, ಆಮೇಲೆ ಸರ್ಕಾರ ಬರುತ್ತದೆ ಎನ್ನುವವರುಂಟು. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ತಕ್ಷಣದ ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿಗಳನ್ನೂ, ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಮೊತ್ತ ಕಡಿಮೆಯೆಂದು ನಾನು ಹೇಳುವುದಿಲ್ಲ. ಆದರೆ ಮೊದಲ ಮೊತ್ತ ಕೈಸೇರುವ ದಿನಕ್ಕೂ, ಎರಡನೆಯ ಮೊತ್ತದಿಂದ ಎದ್ದ ಗೋಡೆಗಳ ಮೇಲೆ ಚಾವಣಿ ಕೂರುವ ದಿನಕ್ಕೂ ನಡುವೆ ತಿಂಗಳುಗಳಿರುತ್ತವೆ. ಆ ತಿಂಗಳುಗಳಿಗೆ ನಮ್ಮ ಕಡತಗಳಲ್ಲಿ ಹೆಸರಿಲ್ಲ. ಆ ವರ್ಷವಂತೂ ಅಕ್ಟೋಬರ್‌ನಲ್ಲಿ ಅದೇ ಸೀಮೆಯ ಮೇಲೆ ಮತ್ತೊಮ್ಮೆ ಜೋರು ಮಳೆ ಸುರಿದು ಹೊಳೆಗಳು ಉಕ್ಕಿದವು. ಮೊದಲ ನೆರೆ ಮನೆಗಳ ಮೇಲೆ ಬಂದದ್ದು; ಎರಡನೆಯದು ಬಂದದ್ದು ಟಾರ್ಪಾಲಿನ್‌ಗಳ ಮೇಲೆ.

ಅಗ್ಗದ ಹಾಳೆಗಳಿಗೆ ಅಷ್ಟು ಆಯುಷ್ಯವೂ ಇರುವುದಿಲ್ಲ. ಸೂರ್ಯನ ನೇರಳಾತೀತ ಕಿರಣಗಳನ್ನು ತಾಳಿಕೊಳ್ಳುವ ಮಿಶ್ರಣ ಸೇರಿಸದ ಪಾಲಿಥೀನ್ ಕೆಲವೇ ತಿಂಗಳುಗಳಲ್ಲಿ ಹಪ್ಪಳದಂತೆ ಮುರಿಯತೊಡಗುತ್ತದೆ. ನೇಯ್ದ ಪಾಲಿಥೀನ್ ಟಾರ್ಪಾಲಿನ್‌ಗೆ ಐಎಸ್ 7903 ಎಂಬ ಭಾರತೀಯ ಮಾನಕವೇ ಇದೆ. ಹಾಳೆ ಕೊಂಡು ದಾನ ಮಾಡುವ ನಮ್ಮಂಥವರಲ್ಲಿ ಎಷ್ಟು ಮಂದಿ ಆ ಅಂಕಿಯನ್ನು ಹುಡುಕಿ ನೋಡುತ್ತೇವೆ? ಬಿಸಿಲಿನ ಮಾತು ಬಂದದ್ದರಿಂದ ಇನ್ನೊಂದು ನೆನಪು. 2004ರ ಡಿಸೆಂಬರ್ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಡಾಂಬರು ಹಾಳೆಗಳಿಂದ ಕಟ್ಟಿದ ತಾತ್ಕಾಲಿಕ ವಸತಿಗಳು ಬೇಸಿಗೆ ಬಂದಾಗ ಒಲೆಯಂತೆ ಕಾದವು. ಹಗಲು ಜನ ಒಳಗಿರಲಾರದೆ ಹೊರಗೆ ನೆರಳು ಹುಡುಕುವಂತಾಯಿತು. ಅದೇ ಕರಾವಳಿಯ ಜನರಿಗೆ ತೆಂಗಿನ ಗರಿ ಹೆಣೆದು ಹೊದಿಸುವುದು ಗೊತ್ತಿತ್ತು.

ಈ ವಿಷಯವನ್ನು ಗೆಳೆಯರ ನಡುವೆ ಎತ್ತಿದಾಗ, ಸಾಮಾಜಿಕ ಕಾಳಜಿಯುಳ್ಳ ಹಿರಿಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಬಡವರಿಗೆ ಮನೆ ಕಟ್ಟಿಕೊಡಿ ಎಂದು ಕೇಳಬೇಕಾದ ನೀವು ಟಾರ್ಪಾಲಿನ್ ಕಟ್ಟುವುದನ್ನು ಕಲಿಸಿ ಎನ್ನುತ್ತಿದ್ದೀರಿ, ಇದು ಅವರನ್ನು ಅಲ್ಲೇ ಇರಿಸುವ ಉಪಾಯ ಎಂಬುದು ಅವರ ಆಕ್ಷೇಪ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬೆಂಗಳೂರಿನ ಯಾವುದೇ ಹೊಸ ಬಡಾವಣೆಯ ಎತ್ತರದ ಮಹಡಿಯಿಂದ ಕೆಳಗೆ ನೋಡಿದರೆ ಕಟ್ಟಡ ಕಾರ್ಮಿಕರ ನೀಲಿ ಹಾಳೆಗಳ ಸಾಲು ಕಾಣುತ್ತದೆ. ಕೆಲಸಗಾರರಿಗೆ ನಿವೇಶನದಲ್ಲೇ ಅಥವಾ ಅದರ ಸಮೀಪ ಮಾಲೀಕನೇ ಉಚಿತವಾಗಿ ತಾತ್ಕಾಲಿಕ ವಸತಿ, ಪ್ರತ್ಯೇಕ ಅಡುಗೆಯ ಜಾಗ, ಶೌಚ ಸೌಕರ್ಯ ಒದಗಿಸಬೇಕೆಂದು ಸಂಸತ್ತು 1996ರಲ್ಲಿ ಅಂಗೀಕರಿಸಿದ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಹೇಳಿತು. ನೀಲಿ ಹಾಳೆಗಳ ಕೆಳಗೆ ಒಂದು ತಲೆಮಾರು ಬೆಳೆಯಿತು. ಅಲ್ಲಿ ಹಾಳೆ ಇರುವುದು ನೆರೆಯ ಕಾರಣಕ್ಕಲ್ಲ, ನಮ್ಮ ಉದಾಸೀನದ ಕಾರಣಕ್ಕೆ. ಅಲ್ಲಿಗೆ ಹಗ್ಗ ಒಯ್ದುಕೊಡಿ ಎಂದು ನಾನು ಹೇಳಲಾರೆ. ಅಲ್ಲಿ ಬೇಕಾದದ್ದು ಗೋಡೆ, ಬಾಗಿಲು, ಚಿಲಕ.

ನೆರೆಯ ರಾತ್ರಿ ಬೇರೆ. ಅಂದು ಮನೆಯನ್ನು ಕೇಳಿದರೂ ಮನೆ ಬರುವುದಿಲ್ಲ, ಬರುವುದು ಮಳೆ. ಆ ರಾತ್ರಿ ಬಾಣಂತಿಯೂ ಕೂಸೂ ಒಣನೆಲದಲ್ಲಿ ಮಲಗುವುದು ಹಕ್ಕಿನ ಹೋರಾಟಕ್ಕೆ ಹೇಗೆ ಅಡ್ಡಿಯಾದೀತು? ಇನ್ನೊಂದು ಮಾತನ್ನೂ ನನ್ನ ಹಿರಿಯ ಮಿತ್ರರಿಗೆ ಹೇಳಿದೆ. ಈ ವಿದ್ಯೆಯನ್ನು ಹೀನವೆಂದು ಕಾಣುವ ನಮ್ಮ ಮಕ್ಕಳೇ ವಾರಾಂತ್ಯಕ್ಕೆ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೋಗಿ, ಹಣ ತೆತ್ತು, ಬಣ್ಣದ ಡೇರೆಯ ಕೆಳಗೆ ಒಂದು ರಾತ್ರಿ ಕಳೆದು ಬರುತ್ತಾರೆ. ಡೇರೆಯನ್ನು ಕಟ್ಟಿಕೊಡುವವನು ಮಾತ್ರ ಬೇರೆ ಯಾರೋ. ಅವರು ಮಿತ್ರತ್ವದ ನಗೆ ನಕ್ಕರು. ಒಪ್ಪಿದರೆಂದು ನಾನು ಹೇಳಲಾರೆ.

ಹಾಗಿದ್ದರೆ ಬೇಕಾದದ್ದೇನು? ದೊಡ್ಡದೇನಲ್ಲ. ನೆತ್ತಿಯ ಗೆರೆಗೆ ಹತ್ತು ಮೀಟರ್, ಆರು ಕಡೆಗಳ ಎಳೆಗೆ ಎರಡೂವರೆ ಮೀಟರ್‌ನಂತೆ ಹದಿನೈದು: ಹಾಳೆಯೊಂದಕ್ಕೆ ಕನಿಷ್ಠ 25 ಮೀಟರ್ ಹಗ್ಗ ಅದರ ಮಡಿಕೆಯೊಳಗೇ ಇರಬೇಕು. ಹಗ್ಗವಿಲ್ಲದ ಹಾಳೆಯನ್ನು ಕೊಳ್ಳಲೇಬಾರದು ಎಂಬ ಒಂದು ಸಾಲನ್ನು ಜಿಲ್ಲಾಡಳಿತಗಳ ಖರೀದಿಯ ಷರತ್ತುಗಳಲ್ಲಿ ಸೇರಿಸಲು ಯಾವ ಸಮಿತಿಯೂ ಬೇಕಿಲ್ಲ. ಗಳುಗಳು ಸ್ಥಳದಲ್ಲಿ ಸಿಗದ ಬಯಲುಸೀಮೆಗೆ ಬಿದಿರನ್ನು ಮೊದಲೇ ಗೊತ್ತುಮಾಡಿಡಬಹುದು. ಕಟ್ಟುವ ಕ್ರಮವನ್ನು ಚಿತ್ರಗಳಲ್ಲಿ, ಅಕ್ಷರ ಬಾರದವರಿಗೂ ತಿಳಿಯುವಂತೆ, ಹಾಳೆಯ ಮೇಲೆಯೇ ಅಚ್ಚು ಹಾಕಬಹುದು. ದಾನಿಗಳ ಹೆಸರನ್ನು ಅಚ್ಚು ಹಾಕುವುದು ನಮಗೆ ಸಾಧ್ಯವಾಗಿರುವಾಗ ಇದೇಕೆ ಆಗದು? ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್ ಶಿಬಿರಗಳಲ್ಲಿ ಗಂಟುಗಳನ್ನು ಇಂದಿಗೂ ಕಲಿಸುತ್ತಾರೆ. ಸಂತೋಷ. ಆದರೆ ಆ ಗಂಟುಗಳನ್ನು ಒಂದು ಬಾರಿಯಾದರೂ ಸುರಿಯುವ ಮಳೆಯಲ್ಲಿ, ತೊಯ್ದ ಮಣ್ಣಿನಲ್ಲಿ, ಕತ್ತಲಲ್ಲಿ ಹಾಕಿಸಬೇಕು. ಹಾಗೂ ಆ ಶಿಬಿರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ನಿವೃತ್ತ ಪ್ರಾಧ್ಯಾಪಕರನ್ನು ಕರೆಯದೆ, ಕಬ್ಬಿನ ಕಟಾವಿಗೆ ಹೋಗಿಬಂದವರನ್ನು, ಅಲೆಮಾರಿ ಕುರಿಗಾಹಿಗಳನ್ನು ಕರೆದು, ಪ್ರಾಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೆ ಕೊಡಬೇಕು.

ಅಕ್ಟೋಬರ್ ಮಳೆಯ ನಂತರ ನಾವು ಎರಡನೆಯ ಬಾರಿ ಅದೇ ದಿಬ್ಬಕ್ಕೆ ಹೋದೆವು. ಈ ಬಾರಿ ಹಾಳೆಗಳೊಂದಿಗೆ ಹಗ್ಗದ ಸುರುಳಿಗಳೂ ಇದ್ದವು. ಹೊರಡುವ ಮುನ್ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮಿತ್ರರು ಫೋನ್ ಮಾಡಿ, ಆಹಾರ, ವಸ್ತ್ರ, ವಸತಿ ಎಂದು ಮೂರೇ ಶೀರ್ಷಿಕೆಗಳಿವೆ, ಹಗ್ಗವನ್ನು ಯಾವ ಖಾತೆಗೆ ಹಾಕಲಿ ಎಂದು ಕೇಳಿದರು. ವಸತಿಗೆ ಎಂದೆ. ದಾನಿಗಳು ಪ್ರಶ್ನಿಸಿದರೆ ಎಂದು ಅವರಿಗೆ ಅಳುಕು. ಕೊನೆಗೆ ‘ಇತರೆ ವೆಚ್ಚ’ ಎಂದು ಬರೆದುಕೊಂಡರು.

ಆ ಹೆಂಗಸು ಅಲ್ಲೇ ಇದ್ದರು. ಜಂತಿ ಅದೇ, ಹಾಳೆ ಮಾತ್ರ ಎರಡು ಕಡೆ ತೇಪೆ ಕಂಡಿತ್ತು. ನಾನು ತುಸು ಹೆಮ್ಮೆಯಿಂದಲೇ ಹೊಳೆಯುವ ನೈಲಾನ್ ಹಗ್ಗದ ಸುರುಳಿಯನ್ನು ಅವರ ಕೈಗಿತ್ತೆ. ಅವರು ಒಂದು ಮಾರಿನಷ್ಟು ಬಿಚ್ಚಿ, ಪಕ್ಕದ ಬಿಂದಿಗೆಯ ನೀರಿನಲ್ಲಿ ಅದ್ದಿ, ಎರಡು ತುದಿಗಳನ್ನು ಹಿಡಿದು ಜಗ್ಗಿ ನೋಡಿದರು. ‘ಪುಂಡಿ ಹಗ್ಗ ತೊಯ್ದ್ರ ಬಿಗೀತೈತಿ, ಇದು ತೊಯ್ದ್ರ ಸಡ್ಲತೈತ್ರೀ’ ಎಂದರು. ಮತ್ತೆ, ನನ್ನ ಮುಖ ನೋಡಿ ಏನನ್ನಿಸಿತೋ, ‘ಇರಲಿ ಬಿಡ್ರಿ, ರಾತ್ರಿ ಎದ್ದು ಒಮ್ಮೆ ಬಿಗದ್ರಾತು’ ಎನ್ನುತ್ತ ಸುರುಳಿಯನ್ನು ಮಡಚಿ ಒಳಗಿಟ್ಟರು.